ಎಡಗಡೆ ಮೊಳೆ

ಬಾಳೂರು
11 ನವೆಂಬರ್ 2024

ಮಾಲೀಕರು, ಭದ್ರಾತೀರ ಕೇಬಲ್ ನೆಟ್‌ವರ್ಕ್,
ಬಸ್ ನಿಲ್ದಾಣದ ಎದುರು, ಕಳಸ.

ಮಾನ್ಯರೇ,

ಗ್ರಾಹಕ ಸಂಖ್ಯೆ 417, ಬಾಳೂರು ತಿಮ್ಮಪ್ಪನಾದ ನಾನು ತಿಳಿಸುವುದೇನೆಂದರೆ, ಈ ತಿಂಗಳು ಮುಗಿದ ಕೂಡಲೇ ನಮ್ಮ ಮನೆಯ ಕೇಬಲ್ ಸಂಪರ್ಕ ಕತ್ತರಿಸತಕ್ಕದ್ದು. ಕಾರಣ ಹೇಳಬೇಕೆಂಬ ನಿಯಮವಿಲ್ಲ. ಆದರೂ ಹೇಳುತ್ತೇನೆ, ಹೇಳದೆ ಬಿಟ್ಟುಹೋಗುವ ಅಭ್ಯಾಸ ನಮ್ಮ ಕಡೆಯದಲ್ಲ.

ನಮ್ಮ ಸೊಸೆ ಕವನಾ ಹಿಂದಿನ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾಳೆ. ಬಂದವರು ಬೆಟ್ಟ ಎಲ್ಲಿದೆ ಎಂದು ಕೇಳುವ ಮೊದಲು ವೈಫೈ ಪಾಸ್‌ವರ್ಡ್ ಏನು ಎಂದು ಕೇಳುತ್ತಾರೆ. ಮೊನ್ನೆ ಒಬ್ಬ ಹುಡುಗಿ ನಿಮ್ಮ ಕೇಬಲ್ ಪೆಟ್ಟಿಗೆಯನ್ನು ನೋಡಿ, "ಅಂಕಲ್, ಇದು ಇನ್ನೂ ಇದ್ಯಾ!" ಎಂದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ಈಗ ದೊಡ್ಡ ಕಂಪನಿಯ ತಂತಿ ನಮ್ಮ ಗೇಟಿನವರೆಗೂ ಬಂದಿದೆ. ಬೇಕಾದ್ದನ್ನು ಬೇಕಾದಾಗ ನೋಡಬಹುದಂತೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನಮ್ಮ ಮನೆಗೂ ಬಂತು.

ಇಪ್ಪತ್ತು ವರ್ಷ ನಿಮ್ಮ ಕೇಬಲ್ ಇದ್ದರೂ ನಾನು ನೋಡುತ್ತಿದ್ದುದು ನಿಮ್ಮ ಸ್ವಂತ ಚಾನಲ್ಲಿನ ಕೆಳಗೆ ಓಡುವ ಒಂದು ಸಾಲನ್ನು ಮಾತ್ರ. ಯಾರು ಸತ್ತರು, ಎಲ್ಲಿ ಕರೆಂಟಿಲ್ಲ, ಯಾರ ಹಸು ತಪ್ಪಿಸಿಕೊಂಡಿದೆ. ಅದು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಮೇಲಿನ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ನಿಮಗೆ 1997ರಿಂದ ಗೊತ್ತಿದೆ.

ಪೆಟ್ಟಿಗೆ ಮತ್ತು ರಿಮೋಟನ್ನು ನಿಮ್ಮ ಲೈನ್‌ಮನ್ ವಿಶ್ವನಾಥ್ ಕೈಗೆ ಕೊಡಲಾಗುವುದು. ರಿಮೋಟಿನ ಹಿಂದಿನ ಮುಚ್ಚಳ ಕಳೆದುಹೋಗಿ ರಬ್ಬರ್ ಬ್ಯಾಂಡ್ ಹಾಕಿದೆ. ರಬ್ಬರ್ ಬ್ಯಾಂಡ್ ನಮ್ಮದು.

ಇಂತಿ,
ಗ್ರಾಹಕ ಸಂಖ್ಯೆ 417


ಕಳಸ
19 ನವೆಂಬರ್ 2024

ಗ್ರಾಹಕ ಸಂಖ್ಯೆ 417 ಅವರಿಗೆ,

ನಿಮ್ಮ ಕಾಗದ ತಲುಪಿತು. ಇಪ್ಪತ್ತೇಳು ವರ್ಷದಲ್ಲಿ ನಿಮ್ಮಿಂದ ಬಂದ ಮೊದಲನೆಯದು. ಕವರಿನ ಮೇಲಿನ ಬರಹ ನೋಡಿದ ಕೂಡಲೇ ಗುರುತು ಸಿಕ್ಕಿತು. ಒಂದು ಕಾಲದಲ್ಲಿ ನಮ್ಮಿಬ್ಬರ ಕ್ಯಾಸೆಟ್‌ಗಳ ಬೆನ್ನಿಗೆ ಸಿನಿಮಾದ ಹೆಸರು ಬರೆಯುತ್ತಿದ್ದ ಕೈ ಅದು.

ಡಿಸೆಂಬರ್ ಎರಡನೇ ತಾರೀಕು ವಿಶ್ವನಾಥ್ ಬಂದು ತಂತಿ ಕತ್ತರಿಸುತ್ತಾನೆ. ಸಾವಿರದ ಇನ್ನೂರು ಮನೆಗಳಿದ್ದ ಕಡೆ ಈಗ ಮುನ್ನೂರು ಚಿಲ್ಲರೆ ಉಳಿದಿವೆ. ನಿಮ್ಮದು ಹೋದರೆ ಬಾಳೂರು ಕಡೆ ಹದಿನಾಲ್ಕು. ಹದಿನಾಲ್ಕು ಮನೆಗೆ ಅಷ್ಟುದ್ದ ತಂತಿ, ಅದನ್ನು ಜೋಕಾಲಿ ಮಾಡಿಕೊಂಡ ಕೋತಿಗಳೇ ನಮ್ಮ ದೊಡ್ಡ ಗ್ರಾಹಕರು.

ಒಂದು ಮಾತು ಹೇಳಿ ಮುಗಿಸುತ್ತೇನೆ. ಬೇಕಾದ್ದನ್ನು ಬೇಕಾದಾಗ ನೋಡಬಹುದು, ಸರಿ. ಆದರೆ ಒಂದು ಸಾವಿನ ಸುದ್ದಿ ಎಲ್ಲರಿಗೂ ಒಂದೇ ಬೆಳಿಗ್ಗೆ ತಿಳಿಯಬೇಕಾದರೆ ಎಲ್ಲರೂ ಒಂದೇ ಕಡೆ ನೋಡುತ್ತಿರಬೇಕು. ಆ ಕೆಲಸಕ್ಕೆ ಇನ್ನೂ ಯಾವ ಕಂಪನಿಯೂ ಬಂದಿಲ್ಲ.

ರಬ್ಬರ್ ಬ್ಯಾಂಡ್ ನೀವೇ ಇಟ್ಟುಕೊಳ್ಳಿ.

ಚಂದ್ರಶೇಖರಪ್ಪ
ಮಾಲೀಕ


ಬಾಳೂರು
4 ಡಿಸೆಂಬರ್ 2024

ಚಂದ್ರಶೇಖರಪ್ಪನವರೇ,

ನಾನು ಸತ್ತು ಇವತ್ತಿಗೆ ಎರಡನೇ ದಿನ.

ನಿನ್ನೆ ಬೆಳಿಗ್ಗೆಯಿಂದ ನಿಮ್ಮ ಚಾನಲ್ಲಿನ ಕೆಳಗೆ "ಬಾಳೂರು ತಿಮ್ಮಪ್ಪನವರ ನಿಧನ. ಅಂತ್ಯಕ್ರಿಯೆ ಇಂದು ಸ್ವಂತ ತೋಟದಲ್ಲಿ" ಎಂದು ಓಡಿದೆ. ಹಿಂದಿನ ದಿನವಷ್ಟೇ ವಿಶ್ವನಾಥ್ ತಂತಿ ಕತ್ತರಿಸಿದ್ದರಿಂದ ನನ್ನ ಸಾವನ್ನು ನೋಡುವ ಯೋಗ ನನಗಿರಲಿಲ್ಲ, ಜನ ಬಂದು ಹೇಳಬೇಕಾಯಿತು. ನಾನು ಕಣದಲ್ಲಿ ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿ ಗೋರುತ್ತಿದ್ದೆ. ಎಸ್ಟೇಟಿನ ಕೂಲಿ ಲೈನಿನ ಮುದುಕಿ ಗಿಡ್ಡಮ್ಮ ದಾರಿಯುದ್ದಕ್ಕೂ ಅಳುತ್ತಾ ಬಂದಳು.

"ಏನ್ ಗಿಡ್ಡಮ್ಮ, ಯಾರ್ ಹೋದ್ರು?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನೀವೇ ಕಣ್ರೀ ಗೌಡ್ರೇ," ಎಂದು ಅಲ್ಲೇ ಕುಸಿದು ಕೂತಳು.

ನನ್ನ ಹೆಂಡತಿ ವಿಮಲ ಮಲ್ಲಂದೂರಿನ ಅಣ್ಣನ ಮನೆಗೆ ಹೋಗಿದ್ದಳು. ಯಾರೋ ಅವಳಿಗೆ ಫೋನ್ ಮಾಡಿದ್ದಾರೆ. ಬಾಡಿಗೆ ಜೀಪಿನಲ್ಲಿ ಬಂದವಳು ನನ್ನನ್ನು ನೋಡಿ ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ತಲೆ ಸುತ್ತಿ ಬಿದ್ದಳು. ಇದನ್ನು ತಮಾಷೆಯಾಗಿ ಬರೆಯಲು ನನ್ನಿಂದಾಗುವುದಿಲ್ಲ.

ಒಟ್ಟು ಹನ್ನೊಂದು ಜನ ಬಂದಿದ್ದರು. ರಿಟೈರಾದ ಒಬ್ಬ ಎಸ್ಟೇಟ್ ರೈಟರು, ಹಳೆಯ ಮೇಸ್ತ್ರಿ, ಉಳಿದವರು ಲೈನಿನವರು. 2006ರಲ್ಲಿ ನಮ್ಮಪ್ಪ ತೀರಿಕೊಂಡಾಗ ಇದೇ ಸಾಲು ನೋಡಿ ಆರುನೂರು ಜನ ಸೇರಿದ್ದರು. ನಾನು ಅಪ್ಪನಿಗಿಂತ ಕೆಟ್ಟವನಿರಬಹುದು, ಆದರೆ ಅಷ್ಟೊಂದು ಕೆಟ್ಟವನಲ್ಲ. ನಿಮ್ಮ ಸಾಲನ್ನು ನೋಡುವವರು ಉಳಿದಿರುವುದೇ ಅಷ್ಟು.

ಇನ್ನೊಬ್ಬರ ವಿಷಯ ಹೇಳಬೇಕು. ಹನ್ನೊಂದು ಗಂಟೆಯ ಸುಮಾರಿಗೆ ಗೇಟಿನ ಹತ್ತಿರ ಒಂದು ಜೀಪು ನಿಂತಿತು. ಬಿಳಿ ಶರ್ಟಿನವರೊಬ್ಬರು ಇಳಿದರು. ಕಣದಲ್ಲಿ ನಿಂತಿದ್ದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಜೀಪು ಹಾಗೆಯೇ ಹಿಂದಕ್ಕೆ ಹೋಯಿತು. ಹೋಗಿ ನೋಡಿದರೆ ಗೇಟಿನ ಕಂಬಕ್ಕೆ ಸೇವಂತಿಗೆ ಹಾರ ನೇತು ಹಾಕಿತ್ತು. ಅವರು ಯಾರೆಂದು ನಾನು ಕೇಳುವುದಿಲ್ಲ.

ಮೂರು ದಿನ ಸತತವಾಗಿ ತಿದ್ದುಪಡಿ ಹಾಕಬೇಕು. ತಿಮ್ಮಪ್ಪ ಬದುಕಿದ್ದಾನೆ ಎಂದು. ಇಷ್ಟೇ ನನ್ನ ಬೇಡಿಕೆ.

ಇಂತಿ,
ದಿವಂಗತ ತಿಮ್ಮಪ್ಪ


ಕಳಸ
9 ಡಿಸೆಂಬರ್ 2024

ತಿಮ್ಮಪ್ಪನವರೇ,

ತಪ್ಪಾಗಿದೆ. ವಿಮಲಮ್ಮನವರ ಆರೋಗ್ಯ ಸುಧಾರಿಸಿದೆ ಎಂದು ವಿಶ್ವನಾಥ್ ಹೇಳಿದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ತಪ್ಪು ಹೇಗಾಯಿತೆಂದು ತಿಳಿಸುತ್ತೇನೆ. ನಮ್ಮ ಕಂಟ್ರೋಲ್ ರೂಮಿನ ಬಾಗಿಲ ಚೌಕಟ್ಟಿನಲ್ಲಿ ಎರಡು ಮೊಳೆಗಳಿವೆ. ಸಂಪರ್ಕ ಕತ್ತರಿಸಿದವರ ಚೀಟಿ ಬಲಗಡೆ ಮೊಳೆಗೆ. ತೀರಿಕೊಂಡವರ ಚೀಟಿ ಎಡಗಡೆ ಮೊಳೆಗೆ. ಚೀಟಿಯಲ್ಲಿ ಹೆಸರು, ಊರು, ತಾರೀಕು ಬಿಟ್ಟು ಬೇರೇನೂ ಬರೆಯುವ ಪದ್ಧತಿ ಇಲ್ಲ, ಯಾವ ಮೊಳೆಯಲ್ಲಿದೆ ಎನ್ನುವುದೇ ವಿಷಯ. ಟೈಪ್ ಮಾಡುವ ನಾಗಶ್ರೀ ಬೆಳಿಗ್ಗೆ ಬಂದು ಎಡಗಡೆಯದನ್ನೆಲ್ಲ ಸಾಲಿಗೆ ಹಾಕುತ್ತಾಳೆ. ನಿಮ್ಮ ಚೀಟಿ ಎಡಗಡೆ ಸೇರಿಬಿಟ್ಟಿದೆ. ಆಕೆಗೆ ಬೈದಿದ್ದೇನೆ.

ತಿದ್ದುಪಡಿ ಮಾತ್ರ ಸಾಧ್ಯವಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಸಾಲು ಒಬ್ಬನನ್ನೂ ಸುಳ್ಳಾಗಿ ಸಾಯಿಸಿರಲಿಲ್ಲ. ಸತ್ತನೆಂದು ಹಾಕಿ, ಆಮೇಲೆ ಇಲ್ಲ ಬದುಕಿದ್ದಾನೆ ಎಂದು ಹಾಕಿದರೆ, ನಾಳೆ ನಿಜವಾಗಿ ಸತ್ತವನ ಹೆಸರು ಬಂದಾಗ ಜನ ಏನೆಂದುಕೊಳ್ಳುತ್ತಾರೆ? "ಇದೂ ತಪ್ಪಿರ್ಬೇಕು" ಎಂದು ಕಾಫಿ ಕುಡಿಯುತ್ತಾ ಕೂರುತ್ತಾರೆ. ಸಿನಿಮಾ ಫೋನಿಗೆ ಹೋಯಿತು, ಧಾರಾವಾಹಿ ಫೋನಿಗೆ ಹೋಯಿತು. ನನ್ನ ಹತ್ತಿರ ಉಳಿದಿರುವುದು ಆ ಒಂದು ಸಾಲಿನ ನಂಬಿಕೆ. ಅದನ್ನು ನಾನೇ ಕೈಯಾರೆ ಕೆಡಿಸಲಾರೆ. ನೀವು ಬದುಕಿರುವುದು ನೋಡಿದವರಿಗೆ ಗೊತ್ತಾಗುತ್ತದೆ.

ಹಾರದ ಬಗ್ಗೆ ನನಗೇನೂ ತಿಳಿಯದು.

ಚಂದ್ರಶೇಖರಪ್ಪ


ಬಾಳೂರು
28 ಡಿಸೆಂಬರ್ 2024

ಚಂದ್ರು,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾರ ತಂದವನು ನೀನು ಎಂದು ನಾನು ಎಲ್ಲಿ ಬರೆದಿದ್ದೆ?

ನೀವು, ಅವರು, ಮಾನ್ಯರೇ ಎಲ್ಲ ಸಾಕು ಮಾರಾಯ, ಸತ್ತವನಿಗೆ ಅಷ್ಟು ಸಲಿಗೆ ಇರಬೇಕು. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಹೇಳಬೇಕೆಂದುಕೊಂಡದ್ದು ಮರೆತು ಬೈದುಬಿಡುತ್ತೇನೆ, ಅದಕ್ಕೆ ಕಾಗದವೇ ವಾಸಿ.

ಹೊಸ ತಂತಿಯ ಕಥೆ ಕೇಳು. ಕವನಾಳ ಒಂದು ಪಾಸ್‌ವರ್ಡಿನಲ್ಲಿ ನಾವು ನಾಲ್ಕು ಮನೆಯವರು ನೋಡುತ್ತಿದ್ದೆವು. ಹೋದ ವಾರ ಪರದೆಯ ಮೇಲೆ ಬಂತು, ಈ ಟಿವಿ ನಿಮ್ಮ ಮನೆಗೆ ಸೇರಿದ್ದಲ್ಲ ಎಂದು. ಪಕ್ಕದ ಮನೆಯ ಸೌಮ್ಯ, "ಗೌಡ್ರೇ, ನಾವೆಲ್ಲ ಒಂದೇ ಮನೆಯವ್ರಲ್ವಂತೆ, ಕಂಪ್ನಿ ಕಂಡುಹಿಡ್ದಿದೆ" ಎಂದು ನಗುತ್ತಾಳೆ. ಮೊದಲು ಜಾಹೀರಾತಿಲ್ಲ ಎಂದು ಕರೆದರು. ಈಗ ನಡುನಡುವೆ ಜಾಹೀರಾತು, ಬೇಡವಾದರೆ ಇನ್ನೂ ಕೊಡಿ ಎನ್ನುತ್ತಾರೆ. ನಾವು ಆ ಕಾಲದಲ್ಲಿ ಟಿವಿ, ವಿಸಿಆರ್, ಜನರೇಟರ್ ಜೀಪಿಗೆ ಹೇರಿಕೊಂಡು ಲೈನಿನಿಂದ ಲೈನಿಗೆ ಹೋಗುತ್ತಿದ್ದೆವಲ್ಲ, ಒಂದು ಬಾಡಿಗೆಗೆ ಇಡೀ ಲೈನು ನೋಡುತ್ತಿತ್ತು. ನೋಡಲು ಬಂದವನು ಯಾರ ಮನೆಯವನೆಂದು ನಾವು ಕೇಳಿದ್ದುಂಟೇ?

ಅಂಥ ಕೆಲಸ ಐದು ವರ್ಷ ಒಟ್ಟಿಗೆ ಮಾಡಿದವರು ನಾವು. 1997ರ ಫೆಬ್ರವರಿಯಲ್ಲಿ ನಾನು ವಿಮಲಳ ಹೆರಿಗೆಗೆಂದು ಒಂದು ವಾರ ಮೂಡಿಗೆರೆ ಆಸ್ಪತ್ರೆಯಲ್ಲಿದ್ದೆ. ಭಾನುವಾರ ಮಗ ದರ್ಶನ್ ಹುಟ್ಟಿದ ಖುಷಿಯಲ್ಲಿ ಊರಿಗೆ ಬಂದು, ಇವತ್ತು ಎಲ್ಲರಿಗೂ ಸಿನಿಮಾ ಬಿಟ್ಟಿ ಎಂದು ಸ್ಕೂಲಿನಿಂದ ನಲವತ್ತು ಕುರ್ಚಿ ತಂದು ಅಂಗಳದಲ್ಲಿ ಹಾಕಿದೆ. ಒಬ್ಬನೂ ಬರಲಿಲ್ಲ. ಆ ಒಂದು ವಾರದಲ್ಲಿ ನೀನು ಬಾಳೂರಿನ ಅರವತ್ತು ಮನೆಗೆ ಕೇಬಲ್ ಎಳೆದುಬಿಟ್ಟಿದ್ದೆ. ಖಾಲಿ ಕುರ್ಚಿಗಳನ್ನು ನಾನೊಬ್ಬನೇ ಸ್ಕೂಲಿಗೆ ವಾಪಸು ಹೊತ್ತೆ.

ಕಾಲ ಬದಲಾಗುತ್ತದೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ಕ್ಯಾಸೆಟ್ಟನ್ನು ನೀನು ನುಂಗಿದೆ, ನಿನ್ನನ್ನು ಇನ್ನೊಬ್ಬ ನುಂಗುತ್ತಾನೆ. ಅದಕ್ಕೆ ನನಗೆ ಸಿಟ್ಟಿಲ್ಲ. ನನಗೆ ಹೇಳದೆ ಮಾಡಿದೆಯಲ್ಲ, ಅದಕ್ಕೆ ಸಿಟ್ಟು. ಸತ್ತೆ ಎಂದು ತಿಳಿದಾಗ ಹಾರ ಹಿಡಿದು ಓಡಿ ಬರುವವನು ಬದುಕಿದ್ದಾಗ ಯಾಕೆ ಬರಲಿಲ್ಲ?

ತಿದ್ದುಪಡಿ ಹಾಕು.

ತಿಮ್ಮ


ಕಳಸ
2 ಫೆಬ್ರವರಿ 2025

ತಿಮ್ಮ,

ಇದು ಐದನೇ ಸಲ ಬರೆಯುತ್ತಿರುವ ಕಾಗದ. ನಾಲ್ಕನ್ನು ಹರಿದೆ.

ಕಂಪನಿಯಿಂದ ಮೋಹಿತ್ ಎಂಬ ಹುಡುಗ ಮೂರು ಸಲ ಬಂದ. ನಮ್ಮ ಕಂಬ, ನಮ್ಮ ಗ್ರಾಹಕರ ಪಟ್ಟಿ ಅವರಿಗೆ ಬೇಕು. "ಚಾನಲ್ ಮಾರೋ ಕಾಲ ಹೋಯ್ತು ಸರ್. ನಾವು ಇಂಟರ್ನೆಟ್ ಮಾರ್ತೀವಿ. ಟಿವಿ ಅದ್ರ ಜೊತೆ ಉಪ್ಪಿನಕಾಯಿ ಇದ್ದಂಗೆ, ಫ್ರೀ," ಎಂದ. ಕೆಳಗಿನ ಸಾಲನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಲ್ಯಾಪ್‌ಟಾಪಿನಲ್ಲಿ ಹುಡುಕಿ ನೋಡಿ, "ಅದಕ್ಕೆ ಆಪ್ಷನ್ ಇಲ್ಲ ಸರ್," ಎಂದ. ಕೆಟ್ಟ ಹುಡುಗನಲ್ಲ, ನಿಜವಾಗಿಯೂ ಹುಡುಕಿದ. ಮಗ ಪ್ರಸನ್ನಕುಮಾರ ಸಹಿ ಹಾಕೋಣ ಎನ್ನುತ್ತಾನೆ. ನಮ್ಮ ಮನೆಯಲ್ಲೇ ನನ್ನ ಹೆಂಡತಿ ಪ್ರೇಮ ಅಡಿಗೆಮನೆಯಲ್ಲಿ ಫೋನಿನಲ್ಲಿ ಧಾರಾವಾಹಿ ನೋಡುತ್ತಾಳೆ, ಮಗ ಕೋಣೆಯಲ್ಲಿ ಇನ್ನೇನನ್ನೋ ನೋಡುತ್ತಾನೆ. ಕೇಬಲ್ ಮಾಲೀಕನ ಮನೆಯ ಕೇಬಲ್ ಟಿವಿಯ ಮುಂದೆ ನಾನೊಬ್ಬನೇ. ಚಿಕ್ಕಮಗಳೂರಿನ ಡಾಕ್ಟರು ಎದೆ ಪರೀಕ್ಷೆ ಮಾಡಿ ಮೆಟ್ಟಿಲು ಹತ್ತಬೇಡಿ ಎಂದಿದ್ದಾರೆ. ಕಂಟ್ರೋಲ್ ರೂಮು ಇರುವುದೇ ಮಹಡಿಯ ಮೇಲೆ. ಬೇಡಿ ಎನ್ನುವವರೇ ಎಲ್ಲ ಕಡೆ.

ಈಗ ನಿನ್ನ ವಿಷಯ. ಮೊದಲನೆಯದು, ನಿನ್ನ ಚೀಟಿಯನ್ನು ಎಡಗಡೆ ಮೊಳೆಗೆ ಸಿಕ್ಕಿಸಿದವನು ನಾನೇ. ನಾಗಶ್ರೀ ಅಲ್ಲ. ನಿನ್ನ ತಂತಿ ಕತ್ತರಿಸಿ ಬಂದೆ ಎಂದು ವಿಶ್ವನಾಥ್ ಹೇಳಿದ. ನಾನು ನಿನ್ನ ಹೆಸರು ಬರೆದೆ. ಆವತ್ತು ನನಗೆ ಯಾರೋ ತೀರಿಕೊಂಡ ಹಾಗೆಯೇ ಅನಿಸಿತ್ತು, ಕೈ ತಾನಾಗಿ ಆ ಕಡೆ ಹೋಗಿದೆ. ಹೋದದ್ದು ನನಗೇ ಗೊತ್ತಾಗಲಿಲ್ಲ. ಮಾರನೇ ದಿನ ಸಂಸೆಯಲ್ಲಿ ಲೈನ್ ರಿಪೇರಿಗೆ ಹೋದವನು ಹೋಟೆಲಿನ ಟಿವಿಯಲ್ಲಿ ಸಾಲನ್ನು ಓದಿದೆ. ನನ್ನ ಸಾಲು ಸುಳ್ಳು ಹೇಳುವುದಿಲ್ಲವಲ್ಲ, ನಂಬಿದೆ. ನಾಗಶ್ರೀಯ ಹತ್ತಿರ ಮೊನ್ನೆ ಕ್ಷಮೆ ಕೇಳಿದೆ.

ಎರಡನೆಯದು, ಹಾರ ನನ್ನದೇ. ನೀನು ಕಣದಲ್ಲಿ ನಿಂತಿದ್ದೆ. ನೋಡಿ ಸಂತೋಷವಾಯಿತು, ನಿಜವಾಗಿಯೂ ಆಯಿತು. ಅದರ ಹಿಂದೆಯೇ ಹೆದರಿಕೆಯಾಯಿತು. ದಾರಿಯುದ್ದಕ್ಕೂ ನಿನಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ಸತ್ತವನಿಗಾದರೆ ಹೇಳಿಬಿಡುತ್ತಿದ್ದೆ. ನೀನು ಬದುಕಿದ್ದೆ, ತಿರುಗಿ ಬಂದೆ.

ಹೇಳಬೇಕಾದ್ದು ಇದು. ಆ ಭಾನುವಾರ ಡಿಶ್‌ಗೆ ಸಿಗ್ನಲ್ ಸಿಕ್ಕಿರಲಿಲ್ಲ. ಅರವತ್ತು ಮನೆಯವರು ಟಿವಿ ಹಾಕಿಕೊಂಡು ಕಾಯುತ್ತಿದ್ದರು. ಹಿಂದಿನ ದಿನ ನಾನು ನಮ್ಮ ಕ್ಯಾಸೆಟ್ ಅಂಗಡಿಯಲ್ಲಿ ಹೊಸ ಸಿನಿಮಾದ ಕ್ಯಾಸೆಟ್ಟನ್ನು ಕವರಿನಿಂದ ತೆಗೆದಿಟ್ಟುಕೊಂಡಿದ್ದೆ. ಅದನ್ನೇ ವಿಸಿಆರಿಗೆ ಹಾಕಿ ಕೇಬಲ್ಲಿನಲ್ಲಿ ಬಿಟ್ಟೆ. ನಿನ್ನ ಅಂಗಳದ ಕುರ್ಚಿ ಖಾಲಿ ಮಾಡಿದ್ದು ಡಿಶ್ ಅಲ್ಲ, ನೀನು ಹೆಸರು ಬರೆದಿಟ್ಟಿದ್ದ ನಮ್ಮ ಕ್ಯಾಸೆಟ್ಟು. ಎರಡು ದಿನ ಬಿಟ್ಟು ಕಳ್ಳನ ಹಾಗೆ ಕವರಿಗೆ ತುಂಬಿ ಇಟ್ಟೆ.

ಇಪ್ಪತ್ತೇಳು ವರ್ಷ ಇದನ್ನು ಹೊತ್ತುಕೊಂಡಿದ್ದೇನೆ. ಇನ್ನು ನೀನು ಏನು ಬೇಕಾದರೂ ಬರೆ.

ಚಂದ್ರು


ಕಳಸ
10 ಮಾರ್ಚ್ 2025

ತಿಮ್ಮ,

ಉತ್ತರ ಬರಲಿಲ್ಲ. ಬರದಿರುವುದೂ ಒಂದು ಉತ್ತರ ಎಂದುಕೊಂಡಿದ್ದೇನೆ.

ಕಂಪನಿಯ ಕಾಗದಕ್ಕೆ ಸಹಿ ಹಾಕಿದೆ. ಮಾರ್ಚ್ ಮೂವತ್ತೊಂದರ ಸಂಜೆ ಆರಕ್ಕೆ ನಮ್ಮ ಚಾನಲ್ ನಿಲ್ಲುತ್ತದೆ. ಸ್ವಿಚ್ ನಾನೇ ಆರಿಸುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೇನೆ. ಕೊನೆಯ ಸಾಲು ಏನಿರಬೇಕೆಂದು ಪ್ರಸನ್ನ ಕೇಳಿದ. ವಂದನೆಗಳು ಎಂದು ಹಾಕೋಣವೇ ಎಂದ. ನನಗೆ ಸರಿ ಕಾಣಲಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ. ಸಿನಿಮಾದ ಹೆಸರು ಬರೆಯುವ ಕೆಲಸ ಯಾವಾಗಲೂ ನಿನ್ನದೇ ಆಗಿತ್ತು.

ಚಂದ್ರು


ಬಾಳೂರು
18 ಮಾರ್ಚ್ 2025

ಚಂದ್ರು,

ಉತ್ತರ ಬರೆಯದಿದ್ದುದು ಸಿಟ್ಟಿಗಲ್ಲ, ರೋಬಸ್ಟಾ ಕೊಯ್ಲಿತ್ತು. ಸುಳ್ಳು. ಸಿಟ್ಟಿಗೇ.

ಕ್ಯಾಸೆಟ್ಟಿನ ವಿಷಯ ನನಗೆ ಆವತ್ತೇ ಗೊತ್ತಿತ್ತು. ಯಾರೂ ಬರಲಿಲ್ಲವಲ್ಲ, ಜನರೆಲ್ಲ ಎಲ್ಲಿಗೆ ಹೋದರು ಎಂದು ನೋಡಲು ಹೊರಟೆ. ಟೀ ಅಂಗಡಿಯಲ್ಲಿ ಟಿವಿ ಓಡುತ್ತಿತ್ತು. ಎರಡನೇ ಹಾಡಿನಲ್ಲಿ ಹೀರೋ ಸೇತುವೆ ದಾಟುವಾಗ ಚಿತ್ರ ಮೂರು ಸಲ ಮೇಲಕ್ಕೆ ಉರುಳಿತು. ಜಾವಳಿ ಲೈನಿನಲ್ಲಿ ತೋರಿಸುವಾಗ ನಮ್ಮ ವಿಸಿಆರ್ ಆ ಟೇಪನ್ನು ಅದೇ ಜಾಗದಲ್ಲಿ ಕಚ್ಚಿತ್ತು, ನೆನಪಿದೆಯೇ? ಸರಿಮಾಡಿದವನು ನಾನು. ವಾಪಸು ಬಂದು ಕವರು ತೆಗೆದೆ, ಖಾಲಿ ಇತ್ತು. ಎರಡು ದಿನ ಬಿಟ್ಟು ತುಂಬಿದ್ದನ್ನೂ ಕಂಡೆ.

ನೀನಾಗಿ ಹೇಳುತ್ತೀಯ ಎಂದು ಕಾದೆ. ಮೊದಲು ಒಂದು ವಾರ ಕಾದೆ, ಆಮೇಲೆ ಒಂದು ವರ್ಷ. ಆಮೇಲೆ ಕಾಯುವುದೇ ಅಭ್ಯಾಸವಾಯಿತು. ಬಾಯಿ ಬಿಟ್ಟು ಕೇಳಿದ್ದರೆ ಒಂದು ಸಂಜೆಗೆ ಮುಗಿಯುತ್ತಿತ್ತು, ಅದು ನನ್ನ ತಪ್ಪು. ಈಗ ನೀನು ಹೇಳಿದ್ದೀಯ. ಅದಕ್ಕೆ ನನ್ನ ಉತ್ತರವನ್ನು ಕಾಗದದಲ್ಲಿ ಬರೆಯುವುದಿಲ್ಲ. ನೀನು ಇಲ್ಲಿಗೆ ಬಂದು ಎದುರಿಗೆ ಕೂತ ಮೇಲೆ ಹೇಳುತ್ತೇನೆ.

ಕೊನೆಯ ಸಾಲು ಏನೆಂದು ನಿನಗೆ ಡಿಸೆಂಬರಿನಲ್ಲೇ ಹೇಳಿದ್ದೇನೆ. ತಿದ್ದುಪಡಿ ಹಾಕು. ಅದನ್ನು ಓದಲು ನನಗೆ ಕೊನೆಯ ನಾಲ್ಕು ದಿನ ಸಂಪರ್ಕ ಕೊಡು. ರಿಮೋಟಿಗೆ ರಬ್ಬರ್ ಬ್ಯಾಂಡ್ ನನ್ನ ಹತ್ತಿರವಿದೆ.

ತಿಮ್ಮ


ಕಳಸ
24 ಮಾರ್ಚ್ 2025

ತಿಮ್ಮ,

ವಿಶ್ವನಾಥ್ ನಾಳೆ ಪೆಟ್ಟಿಗೆ ತರುತ್ತಾನೆ. ಇಪ್ಪತ್ತೆಂಟರಿಂದ ಸಾಲು ಓಡುತ್ತದೆ. ನಾನೇ ಬರೆದೆ: "ಬಾಳೂರು ತಿಮ್ಮಪ್ಪನವರು ತೀರಿಕೊಂಡರೆಂದು ನಾವು ಹಾಕಿದ್ದ ಸುದ್ದಿ ತಪ್ಪು. ಅವರು ಬದುಕಿದ್ದಾರೆ. ನೋಡಬೇಕೆನ್ನುವವರು ಈಗಲೇ ಹೋಗಿ ನೋಡಿ." ಕೊನೆಯ ವಾಕ್ಯ ಬೇಕೇ ಎಂದು ನಾಗಶ್ರೀ ಕೇಳಿದಳು. ಬೇಕು ಎಂದೆ.

ಇದಾದ ಮೇಲೆ ನಮ್ಮ ಸಾಲನ್ನು ಯಾರೂ ನಂಬುವುದಿಲ್ಲ. ಆದರೆ ಇದಾದ ಮೇಲೆ ಎನ್ನುವುದು ನಾಲ್ಕೇ ದಿನ, ಹೋಗಲಿ ಬಿಡು.

ಮೂವತ್ತೊಂದರ ಸಂಜೆ ಸ್ವಿಚ್ ಆರಿಸಿ ನೇರ ನಿಮ್ಮನೆಗೆ ಬರುತ್ತೇನೆ. ಈ ಸಲ ಗೇಟಿನ ಒಳಗೆ ಬರುತ್ತೇನೆ, ಹಾರ ತರುವುದಿಲ್ಲ. ಒಂದು ಕುರ್ಚಿ ಹಾಕಿಡು.

ಚಂದ್ರು


ಬಾಳೂರು
30 ಮಾರ್ಚ್ 2025, ಯುಗಾದಿ

ಲೋ ಚಂದ್ರು,

ನಿನ್ನ ಸಾಲನ್ನು ಈಗ ತಾನೇ ಓದಿದೆ. "ಕಳಸದ ಚಂದ್ರಶೇಖರಪ್ಪನವರ ನಿಧನ. ಅಂತ್ಯಕ್ರಿಯೆ ಇಂದು ಸಂಜೆ." ಅದರ ಹಿಂದೆಯೇ, ನಾನು ಬದುಕಿದ್ದೇನೆಂಬ ಸಾಲು.

ವಿಮಲ ಒಂದು ಗಳಿಗೆ ಹೆದರಿದಳು. "ನಿಜ ಇರ್ಬೋದಾ ಇವ್ರೇ? ಒಂದ್ ಫೋನ್ ಮಾಡಿ," ಎಂದಳು. "ಸುಮ್ನಿರೇ, ಹಬ್ಬದ ದಿನ ಯಾವನಾದ್ರೂ ಸಾಯ್ತಾನಾ? ಮತ್ತೆ ಮೊಳೆ ತಪ್ಪಿರ್ಬೇಕು. ಇಲ್ಲಾ ಅಂದ್ರೆ ನಂಗೆ ಬಡ್ಡಿ ಸಮೇತ ವಾಪಸ್ ಕೊಡ್ತಾ ಇದಾನೆ," ಎಂದೆ. ಗಿಡ್ಡಮ್ಮ ಬೇಲಿಯ ಆಚೆಯಿಂದ, "ಗೌಡ್ರೇ, ಈ ಸಲ ನಾ ಅಳಲ್ಲ ಬಿಡಿ," ಎಂದು ಕೂಗಿ ಹೋದಳು. ಕವನಾ ಹಬ್ಬಕ್ಕೆ ತವರಿಗೆ ಹೋಗಿದ್ದಾಳೆ. ಇದ್ದಿದ್ದರೆ ಫೋನಿನಲ್ಲಿ ನೋಡಿ ನಿನ್ನ ತಮಾಷೆಯನ್ನು ಹಾಳು ಮಾಡುತ್ತಿದ್ದಳು.

ನಿನ್ನ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ನಾನು ಸತ್ತಾಗ ನೀನು ಓಡಿ ಬಂದೆ, ನೀನು ಸತ್ತಾಗ ನಾನು ಓಡಿ ಬರುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದೀಯ. ನಾನು ಬರಲ್ಲ. ಮೂವತ್ತೊಂದು ಎಂದವನು ನೀನು. ನೀನೇ ಬಾ.

ಎದುರಿಗೆ ಹೇಳುತ್ತೇನೆ ಎಂದಿದ್ದೆ. ಹೋಳಿಗೆ ತಿಂದು ಮನಸ್ಸು ಮೆತ್ತಗಾಗಿದೆ, ಈಗಲೇ ಬರೆದುಬಿಡುತ್ತೇನೆ. ನೀನು ಬಂದಾಗ ಮತ್ತೆ ಹೇಳಿದರಾಯಿತು. ಕ್ಯಾಸೆಟ್ಟಿನ ವಿಷಯ ಮುಗಿಯಿತು ಮಾರಾಯ. ಹಾರ ನೋಡಿದ ದಿನವೇ ಮುಗಿದಿತ್ತು. ಗೇಟಿನ ಕಂಬದಿಂದ ಅದನ್ನು ತೆಗೆದುಕೊಂಡು ಬಂದು ಒಳಗೆ ಇಟ್ಟುಕೊಂಡೆ, ವಿಮಲಳಿಗೂ ತೋರಿಸಲಿಲ್ಲ. ನನಗೆ ಅಳು ಬಂದಿತ್ತು.

ಇವತ್ತು ನಾಳೆ ಅಂಚೆ ರಜೆ. ವಿಶ್ವನಾಥ್ ಪೆಟ್ಟಿಗೆ ಒಯ್ಯಲು ಬಂದಾಗ ಇದನ್ನು ಅವನ ಕೈಗೆ ಕೊಡುತ್ತೇನೆ. ಅಷ್ಟರಲ್ಲಿ ನೀನೇ ಬಂದಿದ್ದರೆ ಹರಿದು ಹಾಕು.

ತಿಮ್ಮ


ಕಳಸ
2 ಏಪ್ರಿಲ್ 2025

ತಿಮ್ಮಪ್ಪನವರಿಗೆ ನಾಗಶ್ರೀ ಮಾಡುವ ನಮಸ್ಕಾರಗಳು.

ನಾನು ಒಂಬತ್ತು ವರ್ಷದಿಂದ ಯಜಮಾನರ ಆಫೀಸಿನಲ್ಲಿ ಟೈಪ್ ಮಾಡುವವಳು. ನಿಮ್ಮನ್ನು ನೋಡಿಲ್ಲ. ಮೊನ್ನೆ ಸಂಜೆ ವಿಶ್ವನಾಥ್ ನಿಮ್ಮ ಮನೆಗೆ ಬಂದಾಗ ನೀವು ಅಂಗಳದಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂತಿದ್ದಿರಂತೆ. ಚಂದ್ರು ಹೊರಟನಾ ಎಂದು ಕೇಳಿದಿರಂತೆ. ಅವನಿಗೆ ಹೇಳಲು ಬಾಯಿ ಬರಲಿಲ್ಲ. ಪೆಟ್ಟಿಗೆ, ನಿಮ್ಮ ಕಾಗದ ತೆಗೆದುಕೊಂಡು ಬಂದು ನನ್ನ ಮುಂದೆ ಇಟ್ಟು ಅತ್ತುಬಿಟ್ಟ. ಇಷ್ಟರಲ್ಲಿ ಯಾರಾದರೂ ನಿಮಗೆ ತಿಳಿಸಿದ್ದರೂ ಇರಬಹುದು. ಆದರೂ ನಾನೇ ಬರೆಯಬೇಕು.

ಯುಗಾದಿಯ ಬೆಳಿಗ್ಗೆ ಯಜಮಾನರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನಿಮ್ಮ ಸಾಲು ಸರಿಯಾಗಿ ಓಡುತ್ತಿದೆಯೋ ಎಂದು ನೋಡಲು ಮಹಡಿ ಹತ್ತಿದರು. ಪ್ರೇಮಕುಮಾರಿಯಮ್ಮ ಬೇಡ ಎಂದಿದ್ದರು. ಪರದೆ ನೋಡಿ, "ಚೆನ್ನಾಗಿದೆ ಕಣಮ್ಮ," ಎಂದು ನನಗೆ ಹೇಳಿದರು. ಕುರ್ಚಿಯಲ್ಲಿ ಕೂತರು. ಮತ್ತೆ ಏಳಲಿಲ್ಲ.

ಸಂಜೆ ನಾಲ್ಕಕ್ಕೆ ಮಣ್ಣು ಮಾಡಿದರು. ಪೇಟೆಯವರೆಲ್ಲ ಬಂದಿದ್ದರು. ದೂರದ ಊರುಗಳಿಂದ ದಿನವಿಡೀ ಫೋನ್ ಬರುತ್ತಿತ್ತು, ಇದು ನಿಜವೇ, ಇದೂ ತಪ್ಪೇ ಎಂದು. ನಿಜ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ನಿಮ್ಮ ಫೋನ್ ನಂಬರು ನಮ್ಮ ಪುಸ್ತಕದಲ್ಲಿರಲಿಲ್ಲ. ಬಾಳೂರು ಕಡೆಯಿಂದ ಯಾರೂ ಬರಲಿಲ್ಲ. ಪ್ರೇಮಕುಮಾರಿಯಮ್ಮ ಮಾತ್ರ, ತಿಮ್ಮಪ್ಪನವರು ಬರುತ್ತಾರೆ, ಸ್ವಲ್ಪ ತಡೆಯಿರಿ ಎಂದು ಅರ್ಧ ಗಂಟೆ ಕಾಯಿಸಿದರು.

ಮೂವತ್ತೊಂದರ ಆರು ಗಂಟೆಗೆ ಸ್ವಿಚ್ ನಾನು ಆರಿಸಿದೆ. ನಿಮ್ಮ ಕಾಗದವನ್ನು ಪ್ರೇಮಕುಮಾರಿಯಮ್ಮ ನನ್ನಿಂದಲೇ ಓದಿಸಿದರು. "ನೀನೇ ಬಾ" ಎನ್ನುವಲ್ಲಿಗೆ ನಿಲ್ಲಿಸು ಎಂದರು. ಮಿಕ್ಕದ್ದನ್ನು ನಾನೊಬ್ಬಳೇ ಓದಿಕೊಂಡೆ. ಕ್ಷಮಿಸಿ.

ಮೊದಲ ಸಲ ಚೀಟಿ ತಪ್ಪಿದಾಗ ಯಜಮಾನರು ನನಗೆ ಬೈದಿದ್ದರು. ಆಮೇಲೆ ತಾವೇ ಕರೆದು, ತಪ್ಪು ನಿನ್ನದಲ್ಲಮ್ಮ, ನನ್ನದು ಎಂದಿದ್ದರು. ಹಾಗಿದ್ದರೂ ನನಗೆ ಆ ಹೆದರಿಕೆ ಹೋಗಿರಲಿಲ್ಲ. ಅವರ ಹೆಸರಿನ ಚೀಟಿ ನಾನೇ ಬರೆದು, ನಾನೇ ಸಿಕ್ಕಿಸಿದೆ. ಟೈಪ್ ಮಾಡುವ ಮೊದಲು ಎದ್ದು ಹೋಗಿ ನೋಡಿದೆ. ಮತ್ತೆ ನೋಡಿದೆ. ಮೂರನೇ ಸಲ ಕೈಯಲ್ಲಿ ಮುಟ್ಟಿ ನೋಡಿದೆ.

ಚೀಟಿ ಎಡಗಡೆ ಮೊಳೆಯಲ್ಲೇ ಇತ್ತು.

ನಾಗಶ್ರೀ